ಒಂದೇ ಊಟ, ಬೇರೆ ಕೊಲೆಸ್ಟ್ರಾಲ್

ಮಹಾಗಾಂವದ ಮನೆಯೊಂದರಲ್ಲಿ ಅಣ್ಣತಮ್ಮಂದಿರಿಬ್ಬರು ಅದೇ ಜೋಳದ ರೊಟ್ಟಿ, ಶೇಂಗಾ ಹಿಂಡಿ ಉಂಡು ಬೆಳೆದಿದ್ದಾರೆ ಎನ್ನಿ. ಇಬ್ಬರೂ ಆರೋಗ್ಯವಂತರೇ. ಆದರೂ ರಕ್ತದ ಕೊಲೆಸ್ಟ್ರಾಲ್ ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ ಇರಬಹುದು. ಏಕೆ?

ಕೊಲೆಸ್ಟ್ರಾಲಿನ ಬಹುಭಾಗವನ್ನು ದೇಹವೇ ತಯಾರಿಸುತ್ತದೆ. ಅದನ್ನು ಹೊತ್ತ ಎಲ್‌ಡಿಎಲ್ ಕಣಗಳನ್ನು ಪಿತ್ತಜನಕಾಂಗದ ಜೀವಕೋಶಗಳ ಮೇಲಿನ ಗ್ರಾಹಕಗಳು ರಕ್ತದಿಂದ ಹಿಡಿದು ಒಳಗೆಳೆಯುತ್ತವೆ. ಈ ಗ್ರಾಹಕಗಳನ್ನು ಗುರುತಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ಕೆಲಸದ ಚುರುಕು ತಂದೆತಾಯಿಯಿಂದ ಬಂದ ವಂಶವಾಹಿಗಳನ್ನೂ ಅವಲಂಬಿಸಿದೆ. ಅಪೊ-ಇ ವಂಶವಾಹಿಯ ‘ಇ2’ ರೂಪದವರಲ್ಲಿ ಎಲ್‌ಡಿಎಲ್ ಸಾಮಾನ್ಯವಾಗಿ ಕಡಿಮೆ, ‘ಇ4’ ರೂಪದವರಲ್ಲಿ ಹೆಚ್ಚು. ಗ್ರಾಹಕದ ವಂಶವಾಹಿಯೇ ದೋಷಪೂರಿತವಾಗಿದ್ದರಂತೂ ತೆಳ್ಳಗಿನ ತರುಣನಲ್ಲೂ ಅದು ಸದ್ದಿಲ್ಲದೆ ಏರಿರುತ್ತದೆ.

ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ನೀವೂ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಹುಟ್ಟಿನಿಂದ ಬಂದದ್ದಾದರೂ ಪಥ್ಯ, ಔಷಧಗಳಿಂದ ಕೊಲೆಸ್ಟ್ರಾಲನ್ನು ಇಳಿಸಬಹುದು.