ಲೆಕ್ಕದ ಪುಸ್ತಕ ಈಗ ಯಾರ ಹತ್ತಿರ ಇದೆ?

ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು ಎಂದರೆ ಈಗಿನ ಮಕ್ಕಳು ನಂಬಲಿಕ್ಕಿಲ್ಲ. ಅಂಚೆ ಕಚೇರಿಗೆ ಹೋಗಿ, ವರ್ಷದ ಶುಲ್ಕ ಕಟ್ಟಿ, ಪುಟ್ಟ ಪುಸ್ತಕವೊಂದರಲ್ಲಿ ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. ಅದು ಇದ್ದಾಗಲೂ ಸರ್ಕಾರಕ್ಕೆ ಗೊತ್ತಿದ್ದದ್ದು ಇಷ್ಟೇ: ಇಂಥ ಮನೆಯಲ್ಲಿ ಒಂದು ರೇಡಿಯೊ ಇದೆ. ಆ ಮನೆಯವರು ಕೃಷಿ ಕಾರ್ಯಕ್ರಮ ಕೇಳುತ್ತಾರೋ, ಚಿತ್ರಗೀತೆ ಕೇಳುತ್ತಾರೋ, ವಾರ್ತೆ ಶುರುವಾಗುತ್ತಲೇ ಆರಿಸಿ ಮಲಗುತ್ತಾರೋ ಎಂಬುದು ಯಾರ ಕಡತದಲ್ಲೂ ಇರಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಬಾಗೂರಿನಂಥ ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ತೆಂಗಿನ ತೋಟ, ರಾಗಿ ಹೊಲ, ಚನ್ನಕೇಶವನ ಗುಡಿ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಈ ಸೀಮೆಗೆ ಕೇಳಿಸುತ್ತಿತ್ತು. ಆಮೇಲೆ ಚಿತ್ರದುರ್ಗದ ಎಫ್‌ಎಂ ಬಂತು. ಬೆಳಗಿನ ಬಸ್ಸಿನಲ್ಲಿ ಪೇಪರಿನ ಕಟ್ಟು ಇಳಿದರೆ ಹೋಟೆಲಿನ ಬೆಂಚಿನ ಮೇಲೆ ಒಂದೇ ಪ್ರತಿ ಹತ್ತು ಜನರ ಕೈ ದಾಟುತ್ತಿತ್ತು. ಯಾರು ಮೊದಲು ಕ್ರಿಕೆಟ್ಟಿನ ಪುಟ ತೆರೆದರು, ಯಾರು ಧಾರಣೆಯ ಪಟ್ಟಿ ಹುಡುಕಿದರು ಎಂಬುದು ಪತ್ರಿಕೆಯ ಒಡೆಯರಿಗೆ ತಿಳಿಯುವ ದಾರಿಯೇ ಇರಲಿಲ್ಲ. 1981ರಲ್ಲಿ ಬೆಂಗಳೂರು ದೂರದರ್ಶನ, 1994ರಲ್ಲಿ ಉದಯ ಟಿ.ವಿ. ಬಂದವು. ಕೇಬಲ್ಲಿನವನು ತಿಂಗಳಿಗೊಮ್ಮೆ ದುಡ್ಡಿಗೆ ಬಂದಾಗ ಅವನ ಚೀಟಿಯಲ್ಲಿ ಮನೆಯ ಹೆಸರು ಇರುತ್ತಿತ್ತೇ ಹೊರತು ಆ ಮನೆಯಲ್ಲಿ ಯಾವ ಧಾರಾವಾಹಿ ಓಡುತ್ತದೆಂಬುದು ಇರುತ್ತಿರಲಿಲ್ಲ.

ಅಂಗಡಿಯ ಕಥೆ ಬೇರೆ. ಅಲ್ಲಿ ಲೆಕ್ಕವಿತ್ತು, ಚೆನ್ನಾಗಿಯೇ ಇತ್ತು. ಸಕ್ಕರೆ, ಟೀಪುಡಿ, ಬೀಡಿ, ಸೋಪು ಎಲ್ಲವೂ ಉದ್ರಿ ಪುಸ್ತಕದಲ್ಲಿ ಹೆಸರಿನ ಕೆಳಗೆ ಏರುತ್ತಿದ್ದವು. ಕೊಬ್ಬರಿ ಮಾರಿದ ಮೇಲೆ ತೀರುತ್ತಿದ್ದವು. ಆ ಪುಸ್ತಕ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತಿತ್ತು. ಅದನ್ನು ಬರೆದವನು ಯಾರು, ಅವನ ಅಪ್ಪ ಯಾರು, ತಪ್ಪು ಬರೆದರೆ ಎಲ್ಲಿ ನಿಂತು ಕೇಳಬೇಕು ಎಂಬುದೆಲ್ಲ ಗಿರಾಕಿಗೆ ಗೊತ್ತಿತ್ತು.

ಕಳೆದ ಹತ್ತು ವರ್ಷಗಳಲ್ಲಿ ಆಗಿರುವ ಬದಲಾವಣೆಯನ್ನು ನಾವು ಸಾಮಾನ್ಯವಾಗಿ ಉಪಕರಣದ ಬದಲಾವಣೆ ಎಂದು ಹೇಳಿಕೊಳ್ಳುತ್ತೇವೆ. ರೇಡಿಯೊ ಹೋಗಿ ಫೋನು ಬಂತು, ನೋಟು ಹೋಗಿ ಫೋನ್‌ಪೇ ಬಂತು. ಅದಕ್ಕಿಂತ ಆಳದ ಬದಲಾವಣೆ ಲೆಕ್ಕದ್ದು. ಹಿಂದೆ ನೋಡುವುದಕ್ಕೆ ಲೆಕ್ಕವಿರಲಿಲ್ಲ, ಕೊಳ್ಳುವುದಕ್ಕೆ ಊರೊಳಗಿನ ಲೆಕ್ಕವಿತ್ತು. ಈಗ ಎರಡಕ್ಕೂ ಲೆಕ್ಕವಿದೆ, ಪುಸ್ತಕ ಮಾತ್ರ ಊರಿನಲ್ಲಿಲ್ಲ.

ಮಧ್ಯದ ಒಂದು ಹಂತ ಬೇಗ ಮರೆತುಹೋಗಿದೆ. ಹೊಸದುರ್ಗದ ಬಸ್ ನಿಲ್ದಾಣದಂಥ ಕಡೆ ಮೊಬೈಲ್ ಅಂಗಡಿಗೆ ಹೋಗಿ, ಮೆಮೊರಿ ಕಾರ್ಡಿಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಕೊಟ್ಟು ಹಾಡು, ನಾಟಕ, ಹರಿಕಥೆ ತುಂಬಿಸಿಕೊಂಡು ಬರುತ್ತಿದ್ದ ಕಾಲ ಅದು. ಊರಿಗೆ ಬಂದ ಮೇಲೆ ಆ ಕಾರ್ಡು ಕೈಯಿಂದ ಕೈಗೆ ಹೋಗುತ್ತಿತ್ತು. ನೆಟ್ ದುಬಾರಿ, ಒಂದು ಜಿಬಿಗೆ ಇನ್ನೂರು ರೂಪಾಯಿಗೂ ಮೇಲೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಮೊದಲ ತಿಂಗಳುಗಳಲ್ಲಿ ಪುಕ್ಕಟೆ ಕೊಟ್ಟಿತು. ಪೈಪೋಟಿಯಲ್ಲಿ ಎಲ್ಲ ಕಂಪನಿಗಳೂ ದರ ಇಳಿಸಿದವು. ಕರೆನ್ಸಿ ಹಾಕಿಸುವುದೆಂದರೆ ಮಾತಿಗಾಗಿ ಎಂದಿದ್ದದ್ದು ನೆಟ್ಟಿಗಾಗಿ ಎಂದಾಯಿತು. ಕಾರ್ಡಿನಲ್ಲಿದ್ದ ಹಾಡು ಯಾರಿಗೂ ವರದಿ ಒಪ್ಪಿಸುತ್ತಿರಲಿಲ್ಲ. ನೆಟ್ಟಿನಲ್ಲಿ ಬರುವ ಹಾಡು ಒಪ್ಪಿಸುತ್ತದೆ.

ಏನೆಂದು ಒಪ್ಪಿಸುತ್ತದೆ? ಯೂಟ್ಯೂಬ್ ಅಥವಾ ಇನ್‌ಸ್ಟಾಗ್ರಾಂ ತೆರೆದಾಗ ನೀವು ಯಾವುದನ್ನು ಒತ್ತಿದಿರಿ, ಎಷ್ಟು ಹೊತ್ತು ನೋಡಿದಿರಿ, ಯಾವ ಹೊತ್ತಿಗೆ ಬೇಸರವಾಗಿ ಮುಂದೆ ಸರಿಸಿದಿರಿ, ಯಾವುದನ್ನು ಮತ್ತೊಮ್ಮೆ ನೋಡಿದಿರಿ, ಯಾರಿಗೆ ಕಳಿಸಿದಿರಿ ಇವೆಲ್ಲ ದಾಖಲಾಗುತ್ತವೆ. ನಿಮ್ಮಂತೆಯೇ ಸರಿಸಿದ, ನಿಮ್ಮಂತೆಯೇ ನಿಂತ ಲಕ್ಷಾಂತರ ಜನರ ಲೆಕ್ಕದ ಜೊತೆ ಅದನ್ನು ತಾಳೆ ನೋಡಿ, ‘ಇವರು ಮುಂದೆ ಇದನ್ನು ನೋಡುವ ಸಂಭವ ಹೆಚ್ಚು’ ಎಂದು ಯಂತ್ರ ಅಂದಾಜು ಕಟ್ಟುತ್ತದೆ. ಅಂದಾಜು ಸರಿಯಾದರೆ ಇನ್ನಷ್ಟು ಅದೇ ಬಗೆಯದು, ತಪ್ಪಿದರೆ ಬೇರೆಯದು. ಯಂತ್ರಕ್ಕೆ ಕನ್ನಡದ ಸೊಗಸು ಗೊತ್ತಿರಬೇಕಾಗಿಲ್ಲ. ಬೆರಳು ಎಲ್ಲಿ ನಿಂತಿತು ಎಂಬುದು ತಿಳಿದರೆ ಸಾಕು. 2020ರ ಜೂನ್ ಕೊನೆಗೆ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಅದರ ಬೆನ್ನಲ್ಲೇ ರೀಲ್ಸ್, ಶಾರ್ಟ್ಸ್ ಬಂದವು. ತುಣುಕು ಚಿಕ್ಕದಾದಷ್ಟೂ ಬೆರಳು ಹೆಚ್ಚು ಸಲ ಆಡುತ್ತದೆ, ಅಂದಾಜಿಗೆ ಬೇಕಾದ ಸುಳಿವು ಅಷ್ಟೂ ಬೇಗ ಸಿಗುತ್ತದೆ.

ಇದರಿಂದ ಮನೆಯೊಳಗೆ ಆಗಿರುವುದನ್ನು ಎಲ್ಲರೂ ಕಂಡಿದ್ದಾರೆ. ಭಾನುವಾರ ಸಂಜೆಯ ಒಂದೇ ಸಿನಿಮಾಕ್ಕೆ ಬೀದಿಯ ಜನ ಒಂದೇ ಮನೆಯಲ್ಲಿ ಕೂರುತ್ತಿದ್ದರು. ಮರುದಿನ ಗದ್ದೆಯಲ್ಲಿ, ಬಾವಿಕಟ್ಟೆಯಲ್ಲಿ ಅದೇ ಮಾತು. ಈಗ ಅಜ್ಜಿಗೆ ಒಂದು ಫೋನಿನಲ್ಲಿ ದಾಸರ ಪದ, ಮೊಮ್ಮಗನಿಗೆ ಇನ್ನೊಂದರಲ್ಲಿ ಆಟ, ಸೊಸೆಗೆ ಅಡುಗೆ ಮತ್ತು ಸೀರೆ. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡಿಲ್ಲದ ಕಾರಣ ಮಾತಿಗೆ ಎಳೆ ಸಿಗುವುದಿಲ್ಲ. ಇದನ್ನು ದೊಡ್ಡ ನಷ್ಟ ಎಂದೇ ನಾನು ತಿಳಿಯುತ್ತೇನೆ.

ಆದರೆ ಅದೇ ತಂತ್ರದಿಂದ ಸಿಕ್ಕಿರುವುದನ್ನೂ ಚಿಕ್ಕದು ಮಾಡಿ ಹೇಳಲಾಗದು. ಬಾಗೂರು ಇರುವ ಇದೇ ತಾಲ್ಲೂಕಿನಲ್ಲಿ ಸಾಣೇಹಳ್ಳಿ ಇದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ನೇತೃತ್ವದಲ್ಲಿ 1997ರಲ್ಲಿ ಶುರುವಾದ ಶಿವಸಂಚಾರ ರೆಪರ್ಟರಿ ಲಾರಿಯಲ್ಲಿ ರಂಗಸಜ್ಜಿಕೆ ಹೊತ್ತು ನಾಡಿನ ಊರೂರು ಸುತ್ತಿದೆ. ನವೆಂಬರ್‌ನಲ್ಲಿ ನಡೆಯುವ ಅಲ್ಲಿನ ನಾಟಕೋತ್ಸವಕ್ಕೆ ಬಯಲು ರಂಗಮಂದಿರದ ಮೆಟ್ಟಿಲು ತುಂಬುವಷ್ಟು ಹಳ್ಳಿಯ ಜನ ಸೇರುತ್ತಾರೆ. ಆ ಉತ್ಸವ ಈಗ ಯೂಟ್ಯೂಬಿನಲ್ಲೂ ಸಿಗುತ್ತದೆ. ಊರು ಬಿಟ್ಟು ದೂರ ನೆಲೆಸಿದವರೂ ನೋಡಬಹುದು. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯಲ್ಲಿ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ವ್ಯಾಕರಣಕ್ಕೆ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶ ರೂಪಿಸಿದರು. ವಚನಗಳೂ ಅಲ್ಲಿಂದ ಕಂಪ್ಯೂಟರಿಗೆ, ಫೋನಿಗೆ ಬಂದವು. 2022ರ ಸೆಪ್ಟೆಂಬರ್‌ನಲ್ಲಿ ಇದೇ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ, ನೀರು ಹರಿಯುವ ಚಿತ್ರ ಕೆಲವೇ ನಿಮಿಷಗಳಲ್ಲಿ ಜಿಲ್ಲೆಯ ಫೋನುಗಳಲ್ಲಿ ಸ್ಟೇಟಸ್ ಆಯಿತು. ಎಂಬತ್ತೊಂಬತ್ತು ವರ್ಷ ಕಾದ ನೀರು ಅದು. ಹಂಚಿಕೊಳ್ಳದೆ ಇರುವುದು ಹೇಗೆ ಸಾಧ್ಯ?

ಇವೆಲ್ಲ ಪುಕ್ಕಟೆ ತಾನೇ ಎಂಬ ಪ್ರಶ್ನೆ ಬರುತ್ತದೆ. 2023ರ ಐಪಿಎಲ್ ಪಂದ್ಯಗಳನ್ನು ಜಿಯೊಸಿನಿಮಾ ಕನ್ನಡ ಕಾಮೆಂಟರಿ ಸಮೇತ ಪುಕ್ಕಟೆ ತೋರಿಸಿತು. ಎರಡು ವರ್ಷ ಕಳೆದು, ಕಂಪನಿಗಳು ಒಂದಾಗಿ ಜಿಯೊಹಾಟ್‌ಸ್ಟಾರ್ ಆದ ಮೇಲೆ ಪೂರ್ತಿ ಪಂದ್ಯ ನೋಡಲು ಚಂದಾ ಬೇಕಾಯಿತು, ಇಲ್ಲವೇ ಅದನ್ನು ಸೇರಿಸಿದ ರೀಚಾರ್ಜ್. ನೋಡುವ ಚಟ ಹತ್ತಿದ ಮೇಲೆ ದರ ನಿಗದಿಯಾಯಿತು. ಯೂಟ್ಯೂಬಿನಲ್ಲಿ ನಾವು ಕೊಡುವ ಬೆಲೆ ಜಾಹೀರಾತು ನೋಡುವ ಹೊತ್ತು. ದಾಳಿಂಬೆಯ ರೋಗಕ್ಕೆ ಮದ್ದು ಹುಡುಕಿದವನಿಗೆ ಆಮೇಲೆ ಔಷಧಿ ಕಂಪನಿಗಳ ಜಾಹೀರಾತು ಬೆನ್ನು ಹತ್ತುವುದು ಕಾಕತಾಳೀಯವಲ್ಲ. ನೋಡಿದ್ದರ ಲೆಕ್ಕವೇ ಕೊಳ್ಳುವುದರ ಬಾಗಿಲು. ಮಾಧ್ಯಮ ಬೇರೆ, ಮಾರುಕಟ್ಟೆ ಬೇರೆ ಎಂಬ ಗೆರೆ ಇಲ್ಲಿ ಅಳಿಸಿದೆ.

ಇನ್ನು ಅಂಗಡಿಗೆ ಬರೋಣ. ಬೀಡಾ ಅಂಗಡಿಯಿಂದ ಹೂವಿನ ಬುಟ್ಟಿಯವರೆಗೆ ಅಂಟಿಸಿರುವ ಕಪ್ಪು-ಬಿಳಿ ಚೌಕ, ಅಂದರೆ ಕ್ಯುಆರ್ ಕೋಡ್, 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತವರ ಜೊತೆಗಾರರು ಕಾರಿನ ಬಿಡಿಭಾಗಗಳ ಗುರುತಿಗಾಗಿ ಮಾಡಿದ್ದು. ಮೂರು ಮೂಲೆಗಳ ದೊಡ್ಡ ಚೌಕಗಳು ಕ್ಯಾಮೆರಾಕ್ಕೆ ದಿಕ್ಕು ತೋರಿಸುತ್ತವೆ. ಸ್ವಲ್ಪ ಭಾಗ ಹರಿದರೂ, ಎಣ್ಣೆ ಮೆತ್ತಿದರೂ ಓದಲು ಬರುವಂತೆ ಮಾಹಿತಿಯನ್ನು ಹೆಚ್ಚುವರಿಯಾಗಿ ಹೆಣೆದಿರುತ್ತಾರೆ. ಅದಕ್ಕೇ ಬೋಂಡಾ ಅಂಗಡಿಯ ಜಿಡ್ಡು ಹಿಡಿದ ಚೌಕವೂ ಕೆಲಸ ಮಾಡುತ್ತದೆ.

ಆ ಚೌಕದ ಹಿಂದೆ ಯುಪಿಐ ಇದೆ. 2016ರ ಏಪ್ರಿಲ್‌ನಲ್ಲಿ ಅದನ್ನು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ಶುರು ಮಾಡಿತು. ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿ ಅದಕ್ಕೆ ನೂಕುಬಲ ಕೊಟ್ಟಿತು. 2023ರ ಆಗಸ್ಟ್‌ನಲ್ಲಿ ಮೊದಲ ಸಲ ಒಂದೇ ತಿಂಗಳಲ್ಲಿ ದೇಶದಲ್ಲಿ 1000 ಕೋಟಿಗೂ ಹೆಚ್ಚು ಪಾವತಿಗಳು ಇದರಲ್ಲಿ ನಡೆದವು. ನೀವು ಹತ್ತು ರೂಪಾಯಿಯ ಟೀಗೆ ಪಿನ್ ಒತ್ತಿದಾಗ ಸಂದೇಶ ಆ್ಯಪಿನಿಂದ ನಿಗಮದ ಗಣಕಕ್ಕೆ ಹೋಗುತ್ತದೆ. ಅಲ್ಲಿಂದ ನಿಮ್ಮ ಬ್ಯಾಂಕಿಗೆ ‘ಕಳೆ’ ಎಂದೂ, ಅಂಗಡಿಯವರ ಬ್ಯಾಂಕಿಗೆ ‘ಕೂಡಿಸು’ ಎಂದೂ ಆಜ್ಞೆ ಹೊರಡುತ್ತದೆ. ಅವೆರಡೂ ಆಯಿತೆಂದ ಮೇಲೆ ಗಲ್ಲಾದ ಪಕ್ಕದ ಪುಟ್ಟ ಸೌಂಡ್‌ಬಾಕ್ಸ್ ಪೆಟ್ಟಿಗೆ ಕನ್ನಡದಲ್ಲಿ ಮೊತ್ತ ಕೂಗುತ್ತದೆ. ಒಂದು ಟೀಯ ಲೆಕ್ಕ ಹೀಗೆ ನಿಮ್ಮ ಬ್ಯಾಂಕು, ಅವರ ಬ್ಯಾಂಕು, ನಿಗಮ, ಆ್ಯಪಿನ ಕಂಪನಿ ಎಂದು ಕನಿಷ್ಠ ನಾಲ್ಕು ಕಡೆ ಬರೆದುಕೊಂಡಿರುತ್ತದೆ. 2020ರ ಜನವರಿಯಿಂದ ಅಂಗಡಿಯವರ ಮೇಲೆ ಇದಕ್ಕೆ ಶುಲ್ಕವಿಲ್ಲ. ಹಾಗಾದರೆ ಕಂಪನಿಗಳಿಗೆ ಆದಾಯ? ಕೂಗುವ ಪೆಟ್ಟಿಗೆಯ ತಿಂಗಳ ಬಾಡಿಗೆ, ವಿಮೆ, ರೀಚಾರ್ಜ್, ಮತ್ತು ಮುಖ್ಯವಾಗಿ ಸಾಲ. ದಿನಕ್ಕೆ ಎಷ್ಟು ವ್ಯಾಪಾರವಾಗುತ್ತದೆಂಬ ಲೆಕ್ಕ ಕೈಯಲ್ಲಿರುವವರಿಗೆ ಯಾರಿಗೆ ಸಾಲ ಕೊಡಬಹುದೆಂದು ಗೊತ್ತಿರುತ್ತದೆ.

ಚಿಲ್ಲರೆಯ ಬದಲು ಚಾಕೊಲೇಟ್ ಕೊಡುವ ಕಾಲ ಹೋಯಿತೆಂದು ಗಿರಾಕಿಗಳು ನೆಮ್ಮದಿಯಾದರು. ಲೆಕ್ಕಕ್ಕೆ ಬಾಯಿ ಇದೆಯೆಂದು ತಿಳಿದದ್ದು 2025ರ ಜುಲೈನಲ್ಲಿ. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಯವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ನಿಯಮ. ಆದರೆ ಬ್ಯಾಂಕಿಗೆ ಬಂದ ಹಣವೆಲ್ಲ ವ್ಯಾಪಾರದ್ದೇ ಆಗಿರಬೇಕಿಲ್ಲ. ಮನೆಯವರು ಕಳಿಸಿದ್ದು, ಕೈಸಾಲ ವಾಪಸಾದದ್ದು, ತೆರಿಗೆಯೇ ಇಲ್ಲದ ಹಾಲು ತರಕಾರಿ ಮಾರಿದ್ದು ಎಲ್ಲ ಒಂದೇ ಮೊತ್ತದಲ್ಲಿ ಸೇರಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಚೌಕ ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಮುಖ್ಯಮಂತ್ರಿ ವ್ಯಾಪಾರಿಗಳ ಜೊತೆ ಕೂತು ಮಾತಾಡಿದ ಮೇಲೆ ಬಿಸಿ ತಣಿಯಿತು. ಉದ್ರಿ ಪುಸ್ತಕದಲ್ಲಿ ‘ಇದು ತಂಗಿ ಮದುವೆಗೆ ಪಡೆದ ಕೈಸಾಲ’ ಎಂದು ಬದಿಯಲ್ಲಿ ಬರೆಯಲು ಜಾಗವಿತ್ತು. ಯುಪಿಐ ಪಟ್ಟಿಯಲ್ಲಿ ಆ ಬದಿಯ ಜಾಗವನ್ನು ಯಾರೂ ತುಂಬಿರಲಿಲ್ಲ.

ಇದೇ ಲೆಕ್ಕ ದುರ್ಬಲರ ಪರವಾಗಿ ನಿಲ್ಲುವುದೂ ಉಂಟು. ಹೊಸದುರ್ಗ ಸೀಮೆಯ ಕೊಬ್ಬರಿ ಹೆಚ್ಚಾಗಿ ನಂಬಿಕೊಂಡಿರುವುದು ತಿಪಟೂರು, ಅರಸೀಕೆರೆಯ ಮಾರುಕಟ್ಟೆಗಳನ್ನು. ಕರ್ನಾಟಕ 2014ರಲ್ಲಿ ಎಪಿಎಂಸಿಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿತು. ಕೇಂದ್ರದ ಇ-ನಾಮ್ ಬಂದದ್ದು ಎರಡು ವರ್ಷದ ಮೇಲೆ. ರೈತನ ಮಾಲಿಗೆ ಲಾಟ್ ನಂಬರು ಬೀಳುತ್ತದೆ, ವರ್ತಕರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ಕಂಪ್ಯೂಟರಿನಲ್ಲಿ ಟೆಂಡರ್ ಹಾಕುತ್ತಾರೆ, ಹೆಚ್ಚಿನ ದರ ರೈತನ ಫೋನಿಗೆ ಬರುತ್ತದೆ. ದರ ಒಪ್ಪಿಗೆಯಾಗದಿದ್ದರೆ ಬೇಡವೆನ್ನಬಹುದು. ಮಂಡಿಯವರು ಹೇಳಿದ್ದೇ ದರ ಎಂಬ ಕಾಲಕ್ಕೆ ಹೋಲಿಸಿದರೆ, ಯಾರು ಎಷ್ಟಕ್ಕೆ ಕೇಳಿದರು ಎಂಬ ದಾಖಲೆ ಉಳಿಯುವುದು ದೊಡ್ಡ ಬಲ. ಹಾಗೆಯೇ 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ನೇರ ಯಜಮಾನಿಯ ಖಾತೆಗೆ ಬೀಳುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಗಂಡನ ಜೇಬು ದಾಟದೆ ಬಂದ ಹಣ ಅದು. ಅದನ್ನು ತೆಗೆಯಲು ಊರಿನ ಬ್ಯಾಂಕ್ ಮಿತ್ರರಲ್ಲೋ, ಅಂಚೆಯಣ್ಣನಲ್ಲೋ ಹೆಬ್ಬೆಟ್ಟು ಕೊಟ್ಟರೆ ಸಾಕು. ಹೆಬ್ಬೆಟ್ಟು ಕೊಟ್ಟ ಮೇಲೆ ಚೀಟಿ ಕೇಳಿ ಪಡೆಯಬೇಕು, ಮೊತ್ತವನ್ನು ಓದುಬಲ್ಲವರಿಂದ ಓದಿಸಬೇಕು. ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಮನೆಯಲ್ಲಿ ಮಾಡಬಹುದಾದ ಇನ್ನು ಕೆಲವನ್ನು ಇಲ್ಲೇ ಹೇಳಿಬಿಡುತ್ತೇನೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ. ಹಣ ಬರಬೇಕಾದರೆ ಪಿನ್ ಬೇಡವೇ ಬೇಡ. ‘ನಿಮಗೆ ಹಣ ಬರುತ್ತದೆ, ಪಿನ್ ಒತ್ತಿ’ ಎಂದವನು ಮೋಸಗಾರ. ಮೋಸವಾದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲಿ. ಆನ್‌ಲೈನಿನಲ್ಲಿ ಕೊಂಡಾಗ ಬಣ್ಣ ಬೇರೆ, ಅಳತೆ ಬೇರೆ ಬಂದ ಪಾರ್ಸೆಲ್ಲಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೇಳದ ವಸ್ತುವನ್ನು ಬುಟ್ಟಿಗೆ ತುಂಬುವುದು, ‘ಇನ್ನು ಐದೇ ನಿಮಿಷ’ ಎಂದು ಸುಳ್ಳು ಅವಸರ ಹುಟ್ಟಿಸುವುದು 2023ರ ನವೆಂಬರ್‌ನಿಂದ ಕೇಂದ್ರದ ಮಾರ್ಗಸೂಚಿಯಂತೆ ತಪ್ಪು. ಯೂಟ್ಯೂಬಿನಲ್ಲಿ ನೋಡಿದ್ದರ ಇತಿಹಾಸವನ್ನು ತೆರೆದು ನೋಡಬಹುದು, ಅಳಿಸಬಹುದು, ಬರೆದುಕೊಳ್ಳುವುದನ್ನೇ ನಿಲ್ಲಿಸಬಹುದು. ಒಮ್ಮೆ ತೆರೆದು ನೋಡಿ: ಯಾವ ದಿನ, ಎಷ್ಟು ಹೊತ್ತಿಗೆ, ಏನು ಎಂಬ ಸಾಲುಸಾಲು ಪಟ್ಟಿ ಕಾಣುತ್ತದೆ. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ನಿಮ್ಮ ಬಗ್ಗೆ ಕಂಪನಿಯ ಬಳಿ ಏನಿದೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ, ಬೇಡವೆಂದರೆ ಅಳಿಸಿಸುವ ಹಕ್ಕನ್ನು ಬರೆದಿಟ್ಟಿದೆ. ಉದ್ರಿ ಪುಸ್ತಕದಲ್ಲಿ ತಪ್ಪು ಕಂಡಾಗ ಬಾಗೂರಿನ ಗಿರಾಕಿ ಅಂಗಡಿಯ ಮುಂದೆ ನಿಂತು ‘ನಮ್ಮ ಲೆಕ್ಕ ಸ್ವಲ್ಪ ತೆಗೀರಿ’ ಎಂದು ಕೇಳುತ್ತಿದ್ದನಲ್ಲ, ಆ ಹಕ್ಕೇ ಇದು; ಕೇಳಬೇಕಾದ ವಿಳಾಸ ಆ್ಯಪಿನ ಗೌಪ್ಯತೆಯ ಪುಟದಲ್ಲಿ, ದೂರು ಅಧಿಕಾರಿಯ ಹೆಸರಿನ ಕೆಳಗೆ ಇರುತ್ತದೆ.