ಸಿಗಡಿಯ ಬಿಳಿಚುಕ್ಕೆಯೂ ವಂಶವಾಹಿಯ ಸಂದೇಶವೂ

ಕರಾವಳಿಯ ಗಜನಿ ಗದ್ದೆಗಳಿಗೆ ಭರತದ ಉಪ್ಪುನೀರನ್ನು ತೂಬಿನ ಮೂಲಕ ಬಿಟ್ಟುಕೊಂಡು, ಅದರೊಡನೆ ಒಳಸೇರಿದ ಸಿಗಡಿಯನ್ನು ಬೆಳೆಯಗೊಟ್ಟು ಹಿಡಿಯುವ ಪದ್ಧತಿ ಬಹು ಹಿಂದಿನಿಂದ ನಡೆದುಬಂದುದೇ ಆದರೂ, ಹ್ಯಾಚರಿಯ ಮರಿಗಳನ್ನು ಕೊಂಡು ತಂದು, ಕೊಳಗಳಲ್ಲಿ ಒತ್ತಾಗಿ ಬಿಟ್ಟು, ಆಹಾರವಿಕ್ಕಿ ಸಾಕಿ, ಪರದೇಶಗಳಿಗೆ ಕಳುಹಿಸುವ ಹುಲಿಸಿಗಡಿಯ ಕೃಷಿ ನಮ್ಮಲ್ಲಿ ಪ್ರಬಲವಾದುದು ಕಳೆದ ಶತಮಾನದ ಕೊನೆಯ ದಶಕದಲ್ಲಿ. ತುಳುವರು ಎಟ್ಟಿಯೆಂದು ಕರೆಯುವ ಈ ಜೀವಿಯನ್ನು ನಂಬಿ ಸಾಲ ತೆಗೆದವರ ಉತ್ಸಾಹ ಇನ್ನೂ ನೆಲೆಗೊಳ್ಳುವ ಮುನ್ನವೇ, 1992ರ ಸುಮಾರಿಗೆ ಪೂರ್ವ ಏಷ್ಯದಲ್ಲಿ ತಲೆದೋರಿದ ರೋಗವೊಂದು 1994ರ ಹೊತ್ತಿಗೆ ಭಾರತದ ಪೂರ್ವತೀರವನ್ನು ಹೊಕ್ಕು, ಅನತಿಕಾಲದಲ್ಲಿಯೇ ಪಶ್ಚಿಮತೀರಕ್ಕೂ ವ್ಯಾಪಿಸಿತು. ಆಹಾರವನ್ನು ತ್ಯಜಿಸಿದ ಸಿಗಡಿಗಳು ಕೊಳದ ಅಂಚಿಗೆ ಬಂದು ನಿಲ್ಲುವುವು. ಬೆನ್ನಿನ ಚಿಪ್ಪನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಅದರ ಒಳಮೈಯಲ್ಲಿ ಬಿಳಿಯ ಬೊಟ್ಟುಗಳು ಕಾಣುವುವು. ಅಲ್ಲಿಂದ ಮುಂದೆ ಮೂರರಿಂದ ಹತ್ತು ದಿನಗಳೊಳಗೆ ಕೊಳವೆಲ್ಲ ನಾಶವಾಗುವುದುಂಟು. ಮನುಷ್ಯನಿಗೆ ಯಾವ ಹಾನಿಯನ್ನೂ ಮಾಡದ ಈ ರೋಗಕ್ಕೆ ಬಿಳಿಚುಕ್ಕೆ ರೋಗವೆಂದು ಹೆಸರು. ಅದಕ್ಕೆ ಕಾರಣವಾದುದು ಒಂದು ವೈರಸ್.

ಮಂಗಳೂರಿನ ಎಕ್ಕೂರಿನಲ್ಲಿರುವ ಮೀನುಗಾರಿಕಾ ಮಹಾವಿದ್ಯಾಲಯವು 1969ರಲ್ಲಿ ಸ್ಥಾಪಿತವಾದುದು. ದೇಶದಲ್ಲಿಯೇ ಆ ಬಗೆಯ ಮೊದಲನೆಯದು. ಬಿಳಿಚುಕ್ಕೆಯ ಹಾವಳಿಯ ವರ್ಷಗಳಲ್ಲಿ ಅಲ್ಲಿನ ವಿಜ್ಞಾನಿಗಳು ಕೈಗೊಂಡ ಕಾರ್ಯವು ರೈತರಿಗೆ ಒದಗಿಸಿದ ಉಪಕಾರ ಒಂದು ಕಡೆಯಿರಲಿ. ಜೀವಕೋಶದಲ್ಲಿ ಅಡಗಿರುವ ಬರಹವು ಡಿಎನ್‌ಎಯಿಂದ ಆರ್‌ಎನ್‌ಎಗೂ, ಅಲ್ಲಿಂದ ಪ್ರೋಟೀನಿಗೂ ಸಾಗುವ ಕ್ರಮವನ್ನು ಸಾಮಾನ್ಯ ಓದುಗನಿಗೆ ತಿಳಿಯಹೇಳಲು ಅದಕ್ಕಿಂತ ಸಮೀಪದ, ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣುತ್ತಿಲ್ಲ. ಏಕೆಂದರೆ ಒಂದೇ ಶತ್ರುವನ್ನು ಅವರು ಆ ಹಾದಿಯ ಮೊದಲ ತುದಿಯಲ್ಲಿಯೂ ಕೊನೆಯ ತುದಿಯಲ್ಲಿಯೂ ಕಾದು ಹಿಡಿದರು.

ಬಿಳಿಚುಕ್ಕೆ ವೈರಸ್ಸಿನ ಆನುವಂಶಿಕ ದ್ರವ್ಯವು ಡಿಎನ್‌ಎ. ಎರಡು ಎಳೆಗಳು ಪರಸ್ಪರ ಸುತ್ತಿಕೊಂಡಿರುವ ಈ ಅಣುವಿನ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಪ್ರಕಟಿಸಿದರೆಂಬುದು ಸರ್ವವಿದಿತ. ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕೇ ಘಟಕಗಳು ಈ ಬರಹದ ಅಕ್ಷರಗಳು. ಒಂದು ಎಳೆಯ ಅಡೆನಿನ್ನಿಗೆ ಎದುರಾಗಿ ಇನ್ನೊಂದರಲ್ಲಿ ಥೈಮಿನ್ನೇ ಇರತಕ್ಕದ್ದು, ಗ್ವಾನಿನ್ನಿಗೆ ಎದುರಾಗಿ ಸೈಟೊಸಿನ್ನೇ. ವೈರಸ್ಸಿನ ಸಮಗ್ರ ಬರಹವನ್ನು 2001ರಲ್ಲಿ ಓದಿ ಮುಗಿಸಿದಾಗ ಅದರಲ್ಲಿ ಸುಮಾರು 3 ಲಕ್ಷ ಅಕ್ಷರಜೋಡಿಗಳೂ ಸುಮಾರು 180 ವಂಶವಾಹಿಗಳೂ ಇರುವುದು ತಿಳಿದುಬಂದಿತು. ಈ ಪೈಕಿ ಒಂದನ್ನು ಮಾತ್ರ ಆರಿಸಿಕೊಂಡು ಅದರ ಜಾಡಿನಲ್ಲಿ ನಡೆಯೋಣ. ವೈರಸ್ಸಿನ ಹೊರಹೊದಿಕೆಯಲ್ಲಿ ಹೇರಳವಾಗಿರುವ ವಿಪಿ28 ಎಂಬ ಪ್ರೋಟೀನಿನ ವಂಶವಾಹಿಯು 615 ಅಕ್ಷರಗಳಷ್ಟು ಉದ್ದವುಳ್ಳದ್ದು. ಆ ಪ್ರೋಟೀನಿನಲ್ಲಿ ಸರಪಣಿಯಾಗಿ ಬೆಸೆದಿರುವ ಅಮೈನೋ ಆಮ್ಲಗಳು 204. ಮೂರು ಮೂರು ಅಕ್ಷರಗಳಿಗೆ ಒಂದೊಂದು ಅಮೈನೋ ಆಮ್ಲವೆಂಬುದು ಪ್ರಕೃತಿಯ ಲೆಕ್ಕ. 204ನ್ನು ಮೂರರಿಂದ ಗುಣಿಸಿದರೆ 612 ಆಗುವುದು, ಉಳಿದ ಮೂರು ಅಕ್ಷರಗಳು ಇಲ್ಲಿಗೆ ನಿಲ್ಲಿಸು ಎಂಬ ಅಪ್ಪಣೆ. ಇಷ್ಟು ದೊಡ್ಡ ಉತ್ಪಾತವನ್ನು ತಂದಿಟ್ಟ ವಸ್ತುವಿನೊಳಗೆ ಇಷ್ಟು ನಿರ್ದುಷ್ಟವಾದ ಗಣಿತವಿರುವುದನ್ನು ಕಂಡಾಗ ವಿಸ್ಮಯಗೊಳ್ಳದಿರಲು ನನ್ನಿಂದ ಸಾಧ್ಯವಾಗಿಲ್ಲ.

ಆದರೆ ಡಿಎನ್‌ಎ ತಾನಾಗಿ ಪ್ರೋಟೀನನ್ನು ಕಟ್ಟಲಾರದು. ಸಿಗಡಿಯ ಜೀವಕೋಶವನ್ನು ಪ್ರವೇಶಿಸಿದ ವೈರಸ್ಸು ತನ್ನ ಡಿಎನ್‌ಎಯನ್ನು ಕೋಶಕೇಂದ್ರಕ್ಕೆ ಮುಟ್ಟಿಸುವುದು. ಪ್ರೋಟೀನುಗಳು ಸಿದ್ಧವಾಗುವುದಾದರೋ ಕೋಶಕೇಂದ್ರದ ಹೊರಗೆ. ಈ ಅಂತರವನ್ನು ದಾಟಿಸುವುದು ಆರ್‌ಎನ್‌ಎ. ಜಮೀನಿನ ಮೂಲ ದಸ್ತಾವೇಜು ಕಚೇರಿಯ ದಫ್ತರಿನಲ್ಲಿಯೇ ಭದ್ರವಾಗಿದ್ದು, ಬೇಕಾದ ಪುಟದ ನಕಲು ಮಾತ್ರ ಹೊರಗೆ ಹೋಗಿ, ಕೆಲಸವಾದ ಬಳಿಕ ಹರಿದುಹೋಗುವಂತೆ, ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವವು ಡಿಎನ್‌ಎಯ ಎರಡೆಳೆಗಳನ್ನು ಸ್ವಲ್ಪ ದೂರ ಬಿಡಿಸಿ, ಒಂದರ ಅಕ್ಷರಗಳನ್ನು ಅನುಸರಿಸಿ ಒಂಟಿ ಎಳೆಯ ಆರ್‌ಎನ್‌ಎಯನ್ನು ಹೆಣೆಯುವುದು. ಇದರಲ್ಲಿ ಥೈಮಿನ್ನಿನ ಸ್ಥಾನವನ್ನು ಯುರಾಸಿಲ್ ಆಕ್ರಮಿಸುವುದು. ಈ ಕ್ರಿಯೆಗೆ ಪ್ರತಿಲೇಖನವೆಂದು ಹೆಸರು. ಹೀಗೆ ಹುಟ್ಟಿ ಹೊರಬರುವುದೇ ಸಂದೇಶವಾಹಕ ಆರ್‌ಎನ್‌ಎ. ಇಂತಹ ಅಲ್ಪಾಯುಷಿಯಾದ ದೂತನೊಬ್ಬನು ಇರುವನೆಂಬುದನ್ನು 1961ರಲ್ಲಿ ಬ್ರೆನ್ನರ್, ಜಾಕೋಬ್, ಮೆಸೆಲ್ಸನ್ ಮೊದಲಾದವರು ಪ್ರಯೋಗದಿಂದ ತೋರಿಸಿಕೊಟ್ಟರು.

ಹೊರಬಂದ ಆರ್‌ಎನ್‌ಎಯನ್ನು ರೈಬೋಸೋಮ್ ಎಂಬ ಕಣವು ಹಿಡಿದು, ಮೂರಕ್ಷರಗಳ ಒಂದೊಂದು ಘಟಕವನ್ನೂ ಅನುಕ್ರಮವಾಗಿ ಓದುತ್ತ ಸಾಗುವುದು. ವರ್ಗಾವಣಾ ಆರ್‌ಎನ್‌ಎಗಳೆಂಬ ಚಿಕ್ಕ ಅಣುಗಳು ತಮ್ಮ ಒಂದು ತುದಿಯಲ್ಲಿ ಆ ಮೂರಕ್ಷರಗಳಿಗೆ ಹೊಂದುವ ಗುರುತನ್ನೂ ಇನ್ನೊಂದು ತುದಿಯಲ್ಲಿ ತಕ್ಕ ಅಮೈನೋ ಆಮ್ಲವನ್ನೂ ಧರಿಸಿ ಬರುವುವು. ತಂದ ಆಮ್ಲವನ್ನು ಬೆಳೆಯುತ್ತಿರುವ ಸರಪಣಿಗೆ ಸೇರಿಸಿ ಹೊರಡುವುವು. ಮೂರಕ್ಷರದ ಸಂಯೋಗಗಳು ಒಟ್ಟು 64; ಅವುಗಳಲ್ಲಿ 61 ಅಮೈನೋ ಆಮ್ಲಗಳನ್ನು ಸೂಚಿಸಿದರೆ, ಮೂರು ಸಮಾಪ್ತಿಯನ್ನು ಸೂಚಿಸುವುವು. ಈ ಸಂಕೇತವನ್ನು ಒಡೆದು ಓದುವ ಕಾರ್ಯವು 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥೈ ಅವರ ಪ್ರಯೋಗದಿಂದ ಆರಂಭವಾಯಿತು: ಬರಿಯ ಯುರಾಸಿಲ್ಲಿನಿಂದ ಮಾಡಿದ ಆರ್‌ಎನ್‌ಎಯನ್ನು ಕೊಟ್ಟಾಗ ಬರಿಯ ಫಿನೈಲ್‌ಅಲನಿನ್ನಿನ ಸರಪಣಿ ದೊರೆಯಿತು. ಅವಿಭಜಿತ ಪಂಜಾಬಿನ ರಾಯಪುರವೆಂಬ ಹಳ್ಳಿಯಲ್ಲಿ 1922ರಲ್ಲಿ ಜನಿಸಿದ ಹರಗೋಬಿಂದ ಖೊರಾನ ಅವರು, ತಮಗೆ ಬೇಕಾದ ಅಕ್ಷರಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿದ ಅಣುಗಳನ್ನು ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿ, ಸಂಕೇತಕೋಶವು ಪೂರ್ಣವಾಗಲು ಕಾರಣರಾದರು. ನಿರೆನ್‌ಬರ್ಗ್ ಮತ್ತು ಹಾಲಿ ಅವರೊಡನೆ 1968ರ ನೊಬೆಲ್ ಬಹುಮಾನಕ್ಕೆ ಭಾಜನರಾದರು. ರೈಬೋಸೋಮಿನ ಸೂಕ್ಷ್ಮ ರಚನೆಯನ್ನು ಬಿಡಿಸಿ ತೋರಿಸಿದವರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. ಅದಕ್ಕಾಗಿ ಅವರಿಗೆ ನೊಬೆಲ್ ಬಹುಮಾನ ಸಂದುದು 2009ರಲ್ಲಿ.

ಅಲ್ಪಸ್ವಲ್ಪ ಅಪವಾದಗಳನ್ನು ಬಿಟ್ಟರೆ ಈ ಸಂಕೇತವು ಸಮಸ್ತ ಜೀವರಾಶಿಗೂ ಸಮಾನ. ನೇತ್ರಾವತಿಯ ಅಳಿವೆಯ ಏಡಿಗೂ, ದಂಡೆಯ ತೆಂಗಿಗೂ, ಅದರ ನೆರಳಲ್ಲಿ ಬಲೆ ಸರಿಪಡಿಸುವ ಮನುಷ್ಯನಿಗೂ ಅದೇ 64 ಸಂಯೋಗಗಳು. ವೈರಸ್ಸಿನ ದ್ರೋಹ ಸಾಧ್ಯವಾಗುವುದು ಈ ಸಮಾನತೆಯಿಂದಲೇ. ತನ್ನದೆಂಬ ಒಂದು ರೈಬೋಸೋಮೂ ಇಲ್ಲದ ಆ ಪರೋಪಜೀವಿಯ ಬರಹವನ್ನು ಸಿಗಡಿಯ ಕೋಶವು ತನ್ನ ಬರಹದಿಂದ ಪ್ರತ್ಯೇಕಿಸಲಾರದೆ ಓದಿ ನೆರವೇರಿಸುವುದು. ಅದರಲ್ಲಿಯೂ ಒಂದು ಕ್ರಮವಿದೆ: ಸಿಗಡಿಯ ಪಾಲಿಮರೇಸನ್ನೇ ಬಳಸಿಕೊಂಡು ಮೊದಲು ವೈರಸ್ಸಿನ ಕೆಲವು ನಿಯಂತ್ರಕ ವಂಶವಾಹಿಗಳು ಪ್ರತಿಲೇಖಿತವಾಗುವುವು, ಅನಂತರ ಡಿಎನ್‌ಎಯನ್ನು ಇಮ್ಮಡಿಸುವ ಕಿಣ್ವಗಳವು, ವಿಪಿ28ರಂತಹ ಹೊದಿಕೆಯ ಪ್ರೋಟೀನುಗಳ ಸರದಿ ಬರುವುದು ಎಲ್ಲಕ್ಕೂ ಕೊನೆಗೆ, ಹೊಸ ವೈರಸ್ ಕಣಗಳಿಗೆ ಮೈ ಕಟ್ಟುವ ಹೊತ್ತಿಗೆ.

ಈಗ ಎಕ್ಕೂರಿಗೆ ಬರೋಣ. ಮಹಾವಿದ್ಯಾಲಯದ ಸೂಕ್ಷ್ಮಜೀವಿಶಾಸ್ತ್ರದ ವಿಭಾಗದಲ್ಲಿ ಇಡ್ಯ ಕರುಣಾಸಾಗರ ಮತ್ತು ಇಂದ್ರಾಣಿ ಕರುಣಾಸಾಗರ ಅವರು ತಮ್ಮ ಸಹೋದ್ಯೋಗಿಗಳೊಡನೆ ಆಶ್ರಯಿಸಿದುದು ಪಿಸಿಆರ್ ವಿಧಾನವನ್ನು. ಕ್ಯಾರಿ ಮುಲ್ಲಿಸ್ 1983ರಲ್ಲಿ ಕಲ್ಪಿಸಿದ ಈ ವಿಧಾನದಲ್ಲಿ, ಡಿಎನ್‌ಎಯನ್ನು 95 ಡಿಗ್ರಿಯ ಸುಮಾರಿಗೆ ಕಾಯಿಸಿ ಎಳೆಗಳನ್ನು ಬೇರ್ಪಡಿಸಿ, ತಣಿಸಿ, ವೈರಸ್ಸಿನ ಬರಹಕ್ಕೆ ಮಾತ್ರ ಹೊಂದುವ ಚಿಕ್ಕ ತುಣುಕುಗಳನ್ನು ಅಂಟಿಸಿ, ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯದಿಂದ ದೊರೆತ, ಶಾಖಕ್ಕೆ ಅಂಜದ ಕಿಣ್ವದಿಂದ ಹೊಸ ಎಳೆಗಳನ್ನು ಬೆಳೆಸುವರು. ಒಂದು ಆವರ್ತನಕ್ಕೆ ಒಂದು ಪ್ರತಿ ಎರಡಾಗುವುದು; ಮೂವತ್ತು ಆವರ್ತನಗಳಾದರೆ ಲೆಕ್ಕದ ಪ್ರಕಾರ ನೂರು ಕೋಟಿಯನ್ನು ಮೀರುವುದು. ಈ ಪರೀಕ್ಷೆಯನ್ನು ಸಾಕಿದ ಸಿಗಡಿಗೆ ಮಾತ್ರವಲ್ಲದೆ ಕಡಲಿನಿಂದಲೂ ಹಿನ್ನೀರಿನಿಂದಲೂ ಹಿಡಿದ ಕಾಡು ಸಿಗಡಿ, ಏಡಿಗಳಿಗೂ ಪ್ರಯೋಗಿಸಿ, ಅವುಗಳಲ್ಲಿಯೂ ಬಿಳಿಚುಕ್ಕೆಯ ಡಿಎನ್‌ಎ ಇರುವುದನ್ನು ಅವರು 1999ರಲ್ಲಿ ಪ್ರಕಟಿಸಿದರು. ಮೇಲ್ನೋಟಕ್ಕೆ ಆರೋಗ್ಯವಾಗಿರುವ ಪ್ರಾಣಿಯೂ ಶತ್ರುವಿನ ಬರಹವನ್ನು ಮೌನವಾಗಿ ಹೊತ್ತಿರಬಲ್ಲುದು ಎಂಬ ಈ ತಿಳಿವಳಿಕೆಯೇ ತಾಯಿಸಿಗಡಿಯನ್ನೂ ಮರಿಯನ್ನೂ ಕೊಳ್ಳುವ ಮುನ್ನ ಪರೀಕ್ಷಿಸುವ ರೂಢಿಗೆ ಅಡಿಪಾಯ.

ಅದೇ ಮಹಾವಿದ್ಯಾಲಯದಲ್ಲಿ ಕೆ. ಎಂ. ಶಂಕರ್, ಸಿ. ವಿ. ಮೋಹನ್ ಮತ್ತು ಅವರ ಸಂಗಡಿಗರು ಹಿಡಿದುದು ಇನ್ನೊಂದು ತುದಿಯನ್ನು. ವೈರಸ್ಸಿನ ಪ್ರೋಟೀನುಗಳನ್ನು ಗುರುತಿಸಿ ಅಂಟಿಕೊಳ್ಳುವ ಏಕರೂಪದ ಪ್ರತಿಕಾಯಗಳನ್ನು ಅವರು ಸಿದ್ಧಪಡಿಸಿ 2002ರಲ್ಲಿ ಪ್ರಕಟಿಸಿದರು. ಸಿಗಡಿಯ ಕಿವಿರನ್ನು ಅರೆದು, ಆ ದ್ರವದ ಹನಿಯೊಂದನ್ನು ತೆಳುವಾದ ಹಾಳೆಯ ಮೇಲಿಟ್ಟು, ಪ್ರತಿಕಾಯವನ್ನೂ ಬಣ್ಣ ಬರಿಸುವ ಕಿಣ್ವವನ್ನೂ ಕ್ರಮವಾಗಿ ಸೇರಿಸಿದರೆ, ವೈರಸ್ಸಿನ ಪ್ರೋಟೀನು ಇದ್ದಲ್ಲಿ ಬೊಟ್ಟೊಂದು ಬಣ್ಣ ತಳೆಯುವುದು. ಬೆಲೆಬಾಳುವ ಯಂತ್ರ ಬೇಡ. ಕೊಳದ ದಂಡೆಯ ಮೇಲೆಯೇ ನೋಡಬಹುದು.

ಈ ಎರಡು ಪರೀಕ್ಷೆಗಳ ಪೈಕಿ ಯಾವುದು ಮೇಲೆಂದು ಕೇಳುವವರುಂಟು. ಪ್ರಶ್ನೆಯೇ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಡಿಎನ್‌ಎ ದೊರೆತರೆ ಬರಹವು ಅಲ್ಲಿದೆಯೆಂದಷ್ಟೇ ತಿಳಿಯಿತು. ಅದನ್ನು ಯಾರಾದರೂ ಓದುತ್ತಿರುವರೋ ಇಲ್ಲವೋ ತಿಳಿಯಲಿಲ್ಲ. ಕುದಿಸಿದ ಸಿಗಡಿಯಲ್ಲಿ ವೈರಸ್ಸು ಸತ್ತುಹೋಗಿದ್ದರೂ ಡಿಎನ್‌ಎಯ ಚೂರುಗಳು ಪಿಸಿಆರಿಗೆ ಸಿಕ್ಕಬಲ್ಲುವು. ಹೊದಿಕೆಯ ಪ್ರೋಟೀನು ಸಾಕಷ್ಟು ದೊರೆತರೆ, ಬರಹವು ಪ್ರತಿಲೇಖಿತವಾಗಿ, ರೈಬೋಸೋಮನ್ನು ಮುಟ್ಟಿ, ಕಾರ್ಯರೂಪಕ್ಕೆ ಬಂದಿದೆಯೆಂದೇ ಅರ್ಥ, ಅಪಾಯವು ಸಮೀಪಿಸಿದೆ. ಮರಿಯನ್ನು ಕೊಳ್ಳುವವನು ಮೊದಲನೆಯ ಪ್ರಶ್ನೆಯನ್ನು ಕೇಳಬೇಕು, ಕೊಳವನ್ನು ದಿನವೂ ಕಾಯುವವನು ಎರಡನೆಯದನ್ನು. ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನ್ ಎಂಬ ಅನುಕ್ರಮವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತವನಿಗೆ ಈ ಭೇದವು ಹೊಳೆಯಲಾರದು.

ಈ ಅನುಕ್ರಮವನ್ನು ಫ್ರಾನ್ಸಿಸ್ ಕ್ರಿಕ್ 1958ರ ಲೇಖನವೊಂದರಲ್ಲಿ ಕೇಂದ್ರಸೂತ್ರವೆಂಬ ಅರ್ಥದ ಹೆಸರಿನಿಂದ ಪ್ರತಿಪಾದಿಸಿದ್ದನು. ಎಂದಿಗೂ ಹಿಂದಿರುಗಿ ಹರಿಯದೆಂದು ಅವನು ಹೇಳಿದುದು ಪ್ರೋಟೀನನ್ನು ಸೇರಿದ ಮಾಹಿತಿಯ ವಿಷಯವಾಗಿ ಮಾತ್ರ. ಡಿಎನ್‌ಎ ಮತ್ತು ಆರ್‌ಎನ್‌ಎಗಳ ನಡುವೆ ಹಿಮ್ಮುಖ ಚಲನೆ ಅಸಾಧ್ಯವೆಂದು ಅಲ್ಲ. ಆದರೆ ಅನೇಕರು ಹಾಗೆಯೇ ಭಾವಿಸಿದ್ದುದರಿಂದ, 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಪ್ರತ್ಯೇಕವಾಗಿ ಆರ್‌ಎನ್‌ಎಯನ್ನು ನೋಡಿ ಡಿಎನ್‌ಎಯನ್ನು ಬರೆಯುವ ಕಿಣ್ವವನ್ನು ಪತ್ತೆಹಚ್ಚಿದಾಗ ಸೂತ್ರವೇ ಮುರಿಯಿತೆಂಬ ಕೋಲಾಹಲವೆದ್ದಿತು. ಕ್ರಿಕ್ ಅದೇ ವರ್ಷ ತನ್ನ ಮಾತನ್ನು ಮತ್ತೆ ಸ್ಪಷ್ಟಪಡಿಸಬೇಕಾಯಿತು. ಆ ಹಿಮ್ಮುಖ ಕಿಣ್ವದ ಉಪಕಾರ ಮಂಗಳೂರಿಗೆ ಅರ್ಧ ಶತಮಾನದ ಬಳಿಕ ಸಂದಿತು. ಕೊರೊನಾ ವೈರಸ್ಸಿನ ಬರಹವಿರುವುದು ಆರ್‌ಎನ್‌ಎಯಲ್ಲಿ. ಪಿಸಿಆರ್ ಓದುವುದಾದರೋ ಡಿಎನ್‌ಎಯನ್ನು. 2020ರ ಏಪ್ರಿಲ್‌ನಲ್ಲಿ ವೆನ್ಲಾಕ್ ಆಸ್ಪತ್ರೆಯಲ್ಲಿ ಪರೀಕ್ಷಾಲಯವು ಆರಂಭವಾದಾಗ, ಮೂಗು ಗಂಟಲುಗಳಿಂದ ಬಂದ ಪ್ರತಿಯೊಂದು ಮಾದರಿಯ ಆರ್‌ಎನ್‌ಎಯನ್ನೂ ಮೊದಲು ಡಿಎನ್‌ಎಗೆ ತಿರುಗಿಸಿ, ಅನಂತರವೇ ಇಮ್ಮಡಿಸಬೇಕಾಗಿತ್ತು. ಜನರ ಬಾಯಲ್ಲಿ ಆರ್‌ಟಿಪಿಸಿಆರ್ ಎಂದು ನೆಲೆನಿಂತ ಹೆಸರಿನ ಮೊದಲೆರಡು ಅಕ್ಷರಗಳು ಆ ಹಿಮ್ಮುಖ ಪ್ರತಿಲೇಖನವನ್ನೇ ಸೂಚಿಸುವುವು. ಆರ್‌ಎನ್‌ಎಯ ಆಯುಸ್ಸು ಬಹು ಕಡಿಮೆ. ಅದನ್ನು ಛೇದಿಸುವ ಕಿಣ್ವಗಳು ನಮ್ಮ ಬೆರಳ ತುದಿಯಲ್ಲಿಯೂ ಇರುವುವಾದುದರಿಂದ ಮಾದರಿಗಳನ್ನು ತಣ್ಣಗಿರಿಸಿ ಸಾಗಿಸುವುದು ಅನಿವಾರ್ಯವಾಗಿತ್ತು.

ಬಿಳಿಚುಕ್ಕೆಗೆ ಔಷಧ ಇಂದಿಗೂ ಇಲ್ಲ. ಮೊದಲ ತುದಿಯನ್ನೂ ಕೊನೆಯ ತುದಿಯನ್ನೂ ಕಾದುದಾಯಿತು. ನಡುವಿನ ಸಂದೇಶವನ್ನೇ ತಡೆದರೆ ಹೇಗೆಂಬ ಆಲೋಚನೆಗೆ ಬಲ ಬಂದುದು, ಜೋಡಿ ಎಳೆಯ ಆರ್‌ಎನ್‌ಎಯನ್ನು ಕೋಶದೊಳಗೆ ಸೇರಿಸಿದರೆ ಅದಕ್ಕೆ ಸರಿಹೊಂದುವ ಸಂದೇಶವಾಹಕವು ನಾಶವಾಗುವುದೆಂದು ಫೈರ್ ಮತ್ತು ಮೆಲ್ಲೊ 1998ರಲ್ಲಿ ತೋರಿಸಿದ ಮೇಲೆ. ವಿಪಿ28ರ ಬರಹಕ್ಕೆ ಅನುಗುಣವಾದ ಜೋಡಿ ಎಳೆಯನ್ನು ಕೊಟ್ಟ ಸಿಗಡಿಗಳು ವೈರಸ್ಸಿನ ಆಘಾತವನ್ನು ಸಹಿಸಿ ಹೆಚ್ಚಾಗಿ ಬದುಕುಳಿದುದನ್ನು ನಮ್ಮ ದೇಶದ ಮತ್ತು ಪರದೇಶಗಳ ಪ್ರಯೋಗಶಾಲೆಗಳು ಕಂಡಿವೆ. ಆದರೆ ಪ್ರಯೋಗಶಾಲೆಯಲ್ಲಿ ಸಿಗಡಿಯೊಂದಕ್ಕೆ ಚುಚ್ಚುವುದು ಬೇರೆ, ಕೊಳದ ಲಕ್ಷಾಂತರ ಸಿಗಡಿಗಳಿಗೆ ಆಹಾರದ ಮೂಲಕ ಉಣಿಸುವುದು ಬೇರೆ. ನೀರಿನಲ್ಲಿಯೂ ಜಠರದಲ್ಲಿಯೂ ಕರಗಿಹೋಗದಂತೆ ಅದನ್ನು ಪೊರೆಯಬೇಕು, ಅಗ್ಗವಾಗಿ ತಯಾರಿಸಬೇಕು, ಫಲವು ಎಷ್ಟು ದಿನ ನಿಲ್ಲುವುದೆಂದು ತಿಳಿಯಬೇಕು. ಅಲ್ಲಿಯವರೆಗೆ ರೈತನ ರಕ್ಷಣೆ ಇರುವುದು ಶುದ್ಧವಾದ ಮರಿಯಲ್ಲಿಯೂ, ನೀರಿನ ಎಚ್ಚರದಲ್ಲಿಯೂ, ಮರಿಯ ಚೀಲವನ್ನು ಬಿಚ್ಚುವ ಮುನ್ನ ಮಾಡಿಸಿದ ಪರೀಕ್ಷೆಯಲ್ಲಿಯೂ.