ಬದಲಾಗುತ್ತಿರುವ ಬಡಾವಣೆಗಳಲ್ಲಿ ಹೊಸ ಉದ್ಯಾನವನ: ಸಾರ್ವಜನಿಕರಿಗೆ ಮಾಹಿತಿ

ಹೊಸ ಉದ್ಯಾನವನವನ್ನು ಕೋರಿ ಸಲ್ಲಿಸುವ ಅರ್ಜಿಗಳಲ್ಲಿ ನಡಿಗೆ ಪಥ, ಮಕ್ಕಳ ಆಟಿಕೆ, ಕಾರಂಜಿ, ವಿದ್ಯುದ್ದೀಪ ಇತ್ಯಾದಿಗಳ ವಿವರ ದೀರ್ಘವಾಗಿರುವುದುಂಟು. ಆದರೆ ಉದ್ಯಾನವನ ಆಗಬೇಕಾದ ಜಾಗದ ಸರ್ವೆ ನಂಬರಾಗಲಿ ಬಡಾವಣೆ ನಕ್ಷೆಯ ಪ್ರತಿಯಾಗಲಿ ಅವುಗಳೊಂದಿಗೆ ಇಲ್ಲದಿದ್ದರೆ ಮುಂದಿನ ಕ್ರಮ ಸಾಧ್ಯವಾಗುವುದಿಲ್ಲ. ಗಿಡ ನೆಡುವುದು ಉದ್ಯಾನವನದ ಕೊನೆಯ ಕೆಲಸಗಳಲ್ಲಿ ಒಂದು. ಜಾಗವು ಉದ್ಯಾನವನವೆಂದು ದಾಖಲೆಯಲ್ಲಿ ನಿಲ್ಲುವುದೇ ಮೊದಲ ಕೆಲಸ.

ಹಳ್ಳಿಗಳು ವಾರ್ಡುಗಳಾಗಿ ಬದಲಾದ ಪ್ರದೇಶಗಳಲ್ಲಿ ಈ ಮಾತು ಹೆಚ್ಚು ಅನ್ವಯಿಸುತ್ತದೆ. 2007ರಲ್ಲಿ 7 ನಗರಸಭೆಗಳು, 1 ಪುರಸಭೆ ಹಾಗೂ 110 ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಹಾಗೆ ಸೇರಿದ ಗ್ರಾಮಗಳ ಹೊಲಗಳಲ್ಲಿ ಅನೇಕವು ಅದಕ್ಕೂ ಮೊದಲೇ ನಿವೇಶನಗಳಾಗಿದ್ದವು. ಬಸವನಗುಡಿ, ಮಲ್ಲೇಶ್ವರ, ಜಯನಗರಗಳಂತೆ ಮೊದಲು ನಕ್ಷೆ, ನಂತರ ಮನೆ ಎಂಬ ಕ್ರಮ ಅಲ್ಲಿ ಇರಲಿಲ್ಲ. ಮನೆಗಳು ಮೊದಲು ಬಂದವು, ರಸ್ತೆ ಆಮೇಲೆ. ಉದ್ಯಾನವನದ ಜಾಗವನ್ನು ಯಾರೂ ಬಿಟ್ಟಿರಲಿಲ್ಲ.

ನಕ್ಷೆಯಲ್ಲಿ ಜಾಗ ಇದ್ದಲ್ಲಿ

ಅನುಮೋದಿತ ಬಡಾವಣೆಯಾಗಿದ್ದರೆ ಅರ್ಜಿದಾರರು ಮೊದಲು ಯೋಜನಾ ಪ್ರಾಧಿಕಾರದಿಂದ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಯನ್ನು ಪಡೆಯತಕ್ಕದ್ದು. ನಕ್ಷೆಯಲ್ಲಿ ಉದ್ಯಾನವನವೆಂದು ಗುರುತಿಸಿದ ಜಾಗವನ್ನು ಬಡಾವಣೆ ನಿರ್ಮಿಸಿದವರು ಪರಿತ್ಯಜನಾ ಪತ್ರದ ಮೂಲಕ ಬಿಟ್ಟುಕೊಟ್ಟಿದ್ದಾರೆಯೇ ಎಂಬುದನ್ನೂ ನೋಡಬೇಕು. ಪತ್ರ ಆಗಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯು ಆ ಜಾಗದಲ್ಲಿ ಹಣ ವೆಚ್ಚ ಮಾಡಲು ತೊಡಕುಂಟಾಗುತ್ತದೆ.

ಇಂತಹ ಜಾಗಗಳಿಗೆ 1985ರ ಕರ್ನಾಟಕ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ (ಸಂರಕ್ಷಣೆ ಮತ್ತು ನಿಯಂತ್ರಣ) ಅಧಿನಿಯಮದ ರಕ್ಷಣೆ ಇದೆ. ಸ್ಥಳೀಯ ಸಂಸ್ಥೆಯು ತನ್ನ ವ್ಯಾಪ್ತಿಯ ಉದ್ಯಾನವನಗಳ ಪಟ್ಟಿಯನ್ನು ನಕ್ಷೆ ಸಹಿತ ಸಿದ್ಧಪಡಿಸಬೇಕೆಂದು ಈ ಅಧಿನಿಯಮವು ವಿಧಿಸುತ್ತದೆ. ಬಡಾವಣೆಯ ಜಾಗವು ಪಟ್ಟಿಯಲ್ಲಿ ಇದೆಯೇ ಎಂದು ಅರ್ಜಿಗೆ ಮುನ್ನ ಪರಿಶೀಲಿಸುವುದು ಸೂಕ್ತ. ಖಾಲಿ ಬಿದ್ದ ಉದ್ಯಾನವನದ ಜಾಗವು ಬೇರೆ ಉದ್ದೇಶಗಳಿಗೆ ಹೋಗುವ ಸಂಭವ ಯಾವಾಗಲೂ ಇರುತ್ತದೆ, ಉದ್ದೇಶ ಒಳ್ಳೆಯದೆಂದು ತೋರಿದರೂ ಸಹ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನವನಕ್ಕೆ ಮೀಸಲಿದ್ದ ಜಾಗವನ್ನು ಖಾಸಗಿ ಶುಶ್ರೂಷಾಲಯಕ್ಕೆ ನೀಡಿದ್ದನ್ನು ನಿವಾಸಿಗಳು ಪ್ರಶ್ನಿಸಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆ ಊರ್ಜಿತವಲ್ಲವೆಂದು ತೀರ್ಮಾನಿಸಿತಲ್ಲದೆ, ಬಡಾವಣೆಯ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕು ಇದೆಯೆಂದೂ ಒಪ್ಪಿತು.

ನಕ್ಷೆಯೇ ಇಲ್ಲದಲ್ಲಿ

ರೆವಿನ್ಯೂ ಬಡಾವಣೆಗಳಲ್ಲಿ ದಾರಿ ಉದ್ದವಾದುದು. ಅಲ್ಲಿ ಉಳಿದಿರಬಹುದಾದ ಸಾರ್ವಜನಿಕ ಭೂಮಿಯನ್ನು ಹಳೆಯ ಗ್ರಾಮ ನಕ್ಷೆಯಲ್ಲಿ ಹುಡುಕಬೇಕಾಗುತ್ತದೆ. ಗೋಮಾಳ, ಗುಂಡುತೋಪು, ಬಿ-ಖರಾಬು ಎಂಬ ಹೆಸರುಗಳು ಪಹಣಿಯಲ್ಲಿ ಅಥವಾ ಆಕಾರಬಂದಿನಲ್ಲಿ ಕಂಡುಬಂದರೆ ಅಂತಹ ಜಾಗ ಪರಿಶೀಲನೆಗೆ ಯೋಗ್ಯ. ನಿಂತ ಸ್ಥಳದ ಸರ್ವೆ ನಂಬರನ್ನು ಮೊಬೈಲಿನಲ್ಲಿ ತೋರಿಸುವ ದಿಶಾಂಕ್ ತಂತ್ರಾಂಶವನ್ನು ಈ ಕೆಲಸಕ್ಕೆ ಬಳಸಬಹುದು. ಆದರೆ ಗಡಿಯ ವಿಷಯದಲ್ಲಿ ಭೂಮಾಪಕರ ಅಳತೆಯೇ ಅಂತಿಮ.

ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 71ನೇ ಪ್ರಕರಣದನ್ವಯ ಜಿಲ್ಲಾಧಿಕಾರಿಗಳಿಗೆ ಇರುತ್ತದೆ. ಆದ್ದರಿಂದ ನಗರ ಪಾಲಿಕೆಗೆ ಮಾತ್ರ ಅರ್ಜಿ ಕೊಟ್ಟು ಕಾಯುವುದರಿಂದ ಪ್ರಯೋಜನವಿಲ್ಲ. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೂ ಮನವಿ ಹೋಗಬೇಕು. ಬಿ-ಖರಾಬು ಎಂದಾಕ್ಷಣ ಅದು ಖಾಲಿ ಜಾಗವೆಂದು ಭಾವಿಸಬಾರದು. ಹಳ್ಳ, ದಾರಿ, ಕೆರೆ ಕಾಲುವೆಗಳೂ ಅದರಲ್ಲಿ ಸೇರಿರುತ್ತವೆ. ರಾಜಕಾಲುವೆಯನ್ನು ಮುಚ್ಚಿ ಅಥವಾ ಕೆರೆಯಂಗಳಕ್ಕೆ ಮಣ್ಣು ತುಂಬಿ ಮಾಡುವ ಉದ್ಯಾನವನವು ಮೊದಲ ದೊಡ್ಡ ಮಳೆಗೆ ಅಕ್ಕಪಕ್ಕದ ಮನೆಗಳಿಗೆ ನೀರು ನುಗ್ಗಿಸುತ್ತದೆ. ಅಂತಹ ಕೋರಿಕೆ ಪುರಸ್ಕರಿಸತಕ್ಕದ್ದಲ್ಲ.

ವಿಸ್ತೀರ್ಣದ ವಿಷಯದಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2014ರ ಮಾರ್ಗಸೂಚಿಯು 5,000 ಜನಸಂಖ್ಯೆಗೆ ಅರ್ಧ ಹೆಕ್ಟೇರಿನ, 15,000 ಜನಸಂಖ್ಯೆಗೆ ಒಂದು ಹೆಕ್ಟೇರಿನ ಉದ್ಯಾನವನವನ್ನು ಸೂಚಿಸುತ್ತದೆ. ಬೆಳೆದು ನಿಂತ ಬಡಾವಣೆಯಲ್ಲಿ ಒಂದು ಹೆಕ್ಟೇರ್, ಎಂದರೆ ಸುಮಾರು ಎರಡೂವರೆ ಎಕರೆ, ಒಂದೆಡೆ ಸಿಗುವುದು ದುರ್ಲಭ. ಹತ್ತು ಗುಂಟೆ ಸಿಕ್ಕಿದರೂ ಅದನ್ನು ಬಿಡುವುದು ಸರಿಯಲ್ಲ.

ಜಾಗವನ್ನು ಈಗಾಗಲೇ ಬಳಸುತ್ತಿರುವವರು

ಖಾಲಿ ಕಾಣುವ ಜಾಗ ಬಹುಮಟ್ಟಿಗೆ ಖಾಲಿ ಇರುವುದಿಲ್ಲ. ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಹಳೆಯ ಊರಿನವರ ಹಸುಗಳು ಮೇಯುತ್ತವೆ, ಜಾತ್ರೆಯ ದಿನ ಅಲ್ಲಿಯೇ ತೇರು ನಿಲ್ಲುತ್ತದೆ, ಸಂಜೆ ತಳ್ಳುಗಾಡಿಯವರು ಬರುತ್ತಾರೆ. ಹೊಸದಾಗಿ ಬಂದ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘವು ಸಲ್ಲಿಸುವ ಅರ್ಜಿಯಲ್ಲಿ ಇವರ ಪ್ರಸ್ತಾಪ ಇಲ್ಲದೆ ಹೋದರೆ, ಬೇಲಿ ಹಾಕುವ ದಿನ ತಕರಾರು ಏಳುತ್ತದೆ, ಕಾಮಗಾರಿ ನಿಲ್ಲುತ್ತದೆ. ತಕರಾರು ಏಳದಿದ್ದರೂ, ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಮಾತ್ರ ಬಾಗಿಲು ತೆರೆಯುವ ಉದ್ಯಾನವನವು ಮಧ್ಯಾಹ್ನ ನೆರಳು ಬೇಕಾದ ಕಟ್ಟಡ ಕಾರ್ಮಿಕರಿಗೂ ಮನೆಗೆಲಸದ ಮಹಿಳೆಯರಿಗೂ ಇದ್ದೂ ಇಲ್ಲದಂತೆ. ಆದುದರಿಂದ ಅರ್ಜಿಗೆ ಸಹಿ ಮಾಡುವವರಲ್ಲಿ ಊರಿನ ಹಳೆಯ ನಿವಾಸಿಗಳು, ಬಾಡಿಗೆದಾರರು ಮತ್ತು ಅಕ್ಕಪಕ್ಕದ ಅಂಗಡಿಯವರು ಇರುವುದು ಅಪೇಕ್ಷಣೀಯ. ಆಟಕ್ಕೆ ಒಂದು ಭಾಗವನ್ನು ಬಯಲಾಗಿಯೇ ಬಿಡುವುದು, ಜಾತ್ರೆಯ ದಾರಿಯನ್ನು ಉಳಿಸುವುದು ಮುಂತಾದ ಒಪ್ಪಂದಗಳನ್ನು ವಾರ್ಡ್ ಸಮಿತಿಯ ಸಭೆಯಲ್ಲಿ ದಾಖಲಿಸಿಕೊಳ್ಳುವುದು ಒಳಿತು. ಪ್ರವೇಶದ್ವಾರದ ಇಳಿಜಾರು 1:12ಕ್ಕಿಂತ ಕಡಿದಾಗಿರದಂತೆ ನಕ್ಷೆಯಲ್ಲಿಯೇ ನೋಡಿಕೊಂಡರೆ ಗಾಲಿಕುರ್ಚಿಯವರಿಗೂ ಒಳಬರಲು ಸಾಧ್ಯವಾಗುತ್ತದೆ.

ನೀರು

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟ ಹಾಗೂ ಕಾರಂಜಿಗಳಿಗೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ ರೂ. 5,000 ದಂಡ ಗೊತ್ತುಪಡಿಸಿತು. ಹುಲ್ಲುಹಾಸೇ ಪ್ರಧಾನವಾದ ಉದ್ಯಾನವನಗಳಿಗೆ ಅಂತಹ ದಿನಗಳು ಕಷ್ಟದವು. ಹೊಂಗೆ, ಬೇವು, ನೇರಳೆಯಂತಹ ಮರಗಳು ಮೊದಲ ಎರಡು ಮೂರು ಬೇಸಿಗೆ ದಾಟಿದರೆ ಹೆಚ್ಚು ನೀರು ಕೇಳುವುದಿಲ್ಲ. ಒಂದು ಎಕರೆಯ ಮೇಲೆ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 38 ಲಕ್ಷ ಲೀಟರ್ ಮಳೆನೀರು ಬೀಳುತ್ತದೆ. ನೆಲಕ್ಕೆಲ್ಲ ಕಾಂಕ್ರೀಟ್ ಹಾಸು ಹಾಕದೆ ಇಂಗುಗುಂಡಿ ಮಾಡಿದಲ್ಲಿ ಅದರ ಒಂದು ಪಾಲು ಅಲ್ಲಿಯೇ ಉಳಿಯುತ್ತದೆ. ಜಾಗದಲ್ಲಿ ಈಗಾಗಲೇ ಇರುವ ಮರಗಳನ್ನು ವಿನ್ಯಾಸದ ನೆಪದಲ್ಲಿ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದನ್ವಯ ವೃಕ್ಷ ಅಧಿಕಾರಿಗಳ ಅನುಮತಿ ಕಡ್ಡಾಯ.

ಅರ್ಜಿ ಸಲ್ಲಿಕೆ

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಇರುವುದರಿಂದ, ಜಾಗವು ಯಾವ ಪಾಲಿಕೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಖಚಿತಪಡಿಸಿಕೊಂಡು ಅಲ್ಲಿಗೇ ಅರ್ಜಿ ಸಲ್ಲಿಸತಕ್ಕದ್ದು. ಪ್ರಾಧಿಕಾರದಿಂದ ಇನ್ನೂ ಹಸ್ತಾಂತರವಾಗದ ಬಡಾವಣೆಗಳಾದಲ್ಲಿ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಅರ್ಜಿಯೊಂದಿಗೆ ನಕ್ಷೆ ಅಥವಾ ಪಹಣಿಯ ಪ್ರತಿ, ಜಾಗದ ಚಕ್ಕುಬಂದಿ, ಈಗಿನ ಬಳಕೆಯ ವಿವರ ಮತ್ತು ಕೆಲವು ಛಾಯಾಚಿತ್ರಗಳಿದ್ದರೆ ಸ್ಥಳ ಪರಿಶೀಲನೆ ಸುಲಭವಾಗುತ್ತದೆ. ಸ್ವೀಕೃತಿಯನ್ನು ತಪ್ಪದೆ ಪಡೆದುಕೊಳ್ಳಬೇಕು. ದಾಖಲೆಗಳು ಸಿಗದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಕೋರಬಹುದು. ಉತ್ತರಕ್ಕೆ 30 ದಿನಗಳ ಕಾಲಮಿತಿ ಇದೆ. ಕರ್ನಾಟಕದ ನಿಯಮಗಳಂತೆ ಆ ಕೋರಿಕೆಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳ ಒಳಗಿರಬೇಕಾದ್ದರಿಂದ, ನಕ್ಷೆಗೆ ಒಂದು, ಪರಿತ್ಯಜನಾ ಪತ್ರಕ್ಕೆ ಇನ್ನೊಂದು ಎಂಬಂತೆ ಪ್ರತ್ಯೇಕವಾಗಿ ಬರೆಯುವುದು ಕ್ಷೇಮ.